ಮಾಲೆ ನಿಮ್ಮ ಕೊರಳಲ್ಲಿ, ತಟ್ಟೆ ಯಾರ ಕೈಯಲ್ಲಿ?

ಸ್ವಾಮಿಯೇ ಶರಣಂ ಅಯ್ಯಪ್ಪ.



ಕಾರ್ತಿಕ ಮಾಸ ಬಂದು ಮಾಲೆ ಹಾಕುವ ದಿನ ಹತ್ತಿರವಾದಂತೆ ಹುಡುಗರು ನನ್ನನ್ನು ಕೇಳುವ ಪ್ರಶ್ನೆಗಳು ಪ್ರತಿ ವರ್ಷ ಹೆಚ್ಚುಕಡಿಮೆ ಒಂದೇ. ಕಾಫಿ ಕುಡಿಯಬಹುದಾ? ಈರುಳ್ಳಿ, ಬೆಳ್ಳುಳ್ಳಿ ಪೂರ್ತಿ ಬಿಡಬೇಕಾ? ಆಫೀಸಿನ ಕ್ಯಾಂಟೀನಿನಲ್ಲಿ ಊಟ ಮಾಡಬಹುದಾ? ರೂಮ್‌ಮೇಟ್ ಮೊಟ್ಟೆ ಬೇಯಿಸಿದ ಪಾತ್ರೆ ನನಗೆ ನಡೆಯುತ್ತದಾ? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬ ಹುಡುಗನೂ ಕೇಳದ ಪ್ರಶ್ನೆ ಒಂದಿದೆ: "ಗುರುಸ್ವಾಮಿ, ಈ 41 ದಿನ ನನ್ನ ಅಡುಗೆ ಯಾರು ಮಾಡಬೇಕು, ನನ್ನ ತಟ್ಟೆ ಯಾರು ತೊಳೆಯಬೇಕು?"

ಇವತ್ತಿನ ಪಾಠ ಆ ಕೇಳದ ಪ್ರಶ್ನೆಯ ಬಗ್ಗೆ. ಮನೆಗೆಲಸ, ಊಟ, ಬಟ್ಟೆ, ದೀಪ, ಹಾಲು, ತುಪ್ಪ. ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಇರುವ ನಮ್ಮ ಹುಡುಗರಿಗೆ ವ್ರತದ ಮುಕ್ಕಾಲು ಪಾಲು ನಡೆಯುವುದು ಇಲ್ಲೇ. ಬೆಟ್ಟ ಹತ್ತುವುದು ಒಂದು ದಿನ, ಅಡುಗೆಮನೆಗೆ ಹೋಗುವುದು ದಿನಾಲೂ.

1. ವ್ರತ ಯಾರದು?

ಪುಣೆಯಲ್ಲಿ ಒಂದು ಮನೆ. ಹೆಸರು ಬೇಡ. ಮೂಲ ಹುಬ್ಬಳ್ಳಿ ಕಡೆಯವರು. ಮಗ ಮೊದಲ ಸಲ ಮಾಲೆ ಹಾಕಿದ್ದ. ವ್ರತ ಹೇಗೆ ನಡೆದಿದೆ ನೋಡೋಣ ಎಂದು ಹತ್ತನೆಯ ದಿನವೋ ಏನೋ ಸಂಜೆ ಹೋಗಿದ್ದೆ. ಹುಡುಗ ಶ್ರದ್ಧೆಯವನು. ಬೆಳಿಗ್ಗೆ 5 ಗಂಟೆಗೆ ಸ್ನಾನ, ಪೂಜೆ, 108 ಶರಣು, ಎಲ್ಲ ತಪ್ಪದೆ ಮಾಡುತ್ತಿದ್ದ. ಅವನಿಗೆ ಬಿಸಿ ಬಿಸಿ ತಿಂಡಿ ಆಗಬೇಕಲ್ಲ, ತಾಯಿ 4 ಗಂಟೆಗೇ ಏಳುತ್ತಿದ್ದರು. ಅವನಿಗೆ ಬೇರೆ ಪಾತ್ರೆ, ಬೇರೆ ಸಾರು, ಬೇರೆ ಪಲ್ಯ. ಉಳಿದವರಿಗೆ ಎಂದಿನ ಅಡುಗೆ. ಕಪ್ಪು ಪಂಚೆ ದಿನಾ ಕೈಯಲ್ಲೇ ಒಗೆಯಬೇಕು, ಅದೂ ಅವರೇ. ಮೊಣಕಾಲು ನೋವು ಬೇರೆ. ನನ್ನ ಮುಂದೆ ಹಾಲಿನ ಲೋಟ ಇಡುತ್ತಾ ನಗುನಗುತ್ತಲೇ ಒಂದು ಮಾತು ಹೇಳಿದರು: "ಸ್ವಾಮ್ಯಾರ, ಮಾಲಿ ಅವ ಹಾಕ್ಯಾನ. ವ್ರತ ನಾ ಮಾಡಾಕತ್ತೀನಿ ನೋಡ್ರಿ."

ಆ ತಾಯಿ ದೂರಲಿಲ್ಲ. ಮಗನ ಪುಣ್ಯ ಅಂತಲೇ ಮಾಡುತ್ತಿದ್ದರು. ಆದರೂ ಅವರ ಮಾತು ಸತ್ಯ. ಎದ್ದವರು ಅವರು, ನಿದ್ದೆ ಬಿಟ್ಟವರು ಅವರು, ತಣ್ಣೀರಿನಲ್ಲಿ ಕೈ ನೆನೆಸಿದವರು ಅವರು. ಮಗ ಬಿಟ್ಟದ್ದು ಮೊಟ್ಟೆ, ಚಪ್ಪಲಿ ಮತ್ತು ಶೇವಿಂಗ್. ಇದರಲ್ಲಿ ಹೆಚ್ಚು ಕಷ್ಟದ ವ್ರತ ಯಾರದು, ನೀವೇ ತೂಗಿ ನೋಡಿ.

ಸ್ವಾಮಿಗಳೇ, ವ್ರತವೆಂದರೆ ನಮ್ಮ ಸುಖವನ್ನು ನಾವು ಕಡಿಮೆ ಮಾಡಿಕೊಳ್ಳುವುದು. ನಮ್ಮ ಸುಖ ಕಡಿಮೆಯಾಗದೆ ಮನೆಯಲ್ಲಿ ಇನ್ನೊಬ್ಬರ ಕಷ್ಟ ಮಾತ್ರ ಹೆಚ್ಚಾದರೆ ಅದನ್ನು ವ್ರತ ಅನ್ನುವುದು ಹೇಗೆ? ಆದ್ದರಿಂದ ನನ್ನ ಜೊತೆ ಮಾಲೆ ಹಾಕುವ ಹುಡುಗರಿಗೆ ನಾನು ಮೊದಲೇ ಹೇಳುವ ನಿಯಮ ಇದು: ವ್ರತದಿಂದಾಗಿ ಮನೆಯಲ್ಲಿ ಹೆಚ್ಚಾಗುವ ಪ್ರತಿಯೊಂದು ಕೆಲಸವೂ ಮಾಲೆ ಹಾಕಿದವನದೇ.

2. ಮಣಿಕಂಠ ಮನೆ ಬಿಟ್ಟು ಹೊರಟದ್ದು ಯಾಕೆ?

ಕಥೆ ನಿಮಗೆಲ್ಲ ಗೊತ್ತು. ಪಂದಳದ ರಾಜ ರಾಜಶೇಖರನಿಗೆ ಪಂಪಾ ತೀರದಲ್ಲಿ ಮಗು ಸಿಕ್ಕಿತು. ಕೊರಳಲ್ಲಿ ಮಣಿ ಇದ್ದದ್ದರಿಂದ ಮಣಿಕಂಠ ಎಂದು ಹೆಸರಾಯಿತು. ಮುಂದೆ ರಾಣಿಗೆ ತನ್ನದೇ ಮಗ ಹುಟ್ಟಿದ. ಮಂತ್ರಿಯ ಮಾತು ಕೇಳಿ ತಲೆನೋವಿನ ನೆಪ ಹೂಡಿದಳು. ಹುಲಿಯ ಹಾಲೇ ಮದ್ದು ಎಂದರು. ಮಣಿಕಂಠ ಕಾಡಿಗೆ ಹೊರಟ.

ಈ ಕಥೆ ಕೇಳುವಾಗ ನಮ್ಮ ಗಮನವೆಲ್ಲ ಹುಲಿಯ ಮೇಲೆ ಹೋಗುತ್ತದೆ. ಹೊರಟ ಕಾರಣವನ್ನು ಒಮ್ಮೆ ನೋಡಿ. ಅವನು ಹೊರಟದ್ದು ತಾಯಿಯ ತಲೆನೋವಿಗೆ ಮದ್ದು ತರಲು. ಆ ತಲೆನೋವು ಸುಳ್ಳಾಗಿದ್ದರೂ ಹೊರಟ. ಆ ಸ್ವಾಮಿಯ ಹೆಸರಿನಲ್ಲಿ ಮಾಲೆ ಹಾಕಿಕೊಂಡು ನಾವು ನಮ್ಮ ತಾಯಿಗೆ ನಿಜವಾದ ಸೊಂಟನೋವು ತರುವುದು ಸರಿಯೇ?

ಅದೇ ಕಥೆಯಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ. ಕಾಡಿಗೆ ಹೊರಟ ಮಗನಿಗೆ ರಾಜ ದಾರಿಯ ಆಹಾರವನ್ನೂ, ಮುಕ್ಕಣ್ಣನ ನೆನಪಿಗೆ ಮೂರು ಕಣ್ಣಿನ ತೆಂಗಿನಕಾಯಿಯನ್ನೂ ಕಟ್ಟಿಕೊಟ್ಟನಂತೆ. ಇರುಮುಡಿಯ ಮೂಲ ಅದೇ ಎಂದು ಹಿರಿಯರು ಹೇಳುತ್ತಾರೆ. ಇವತ್ತಿಗೂ ಇರುಮುಡಿಯ ಮುಂದಿನ ಭಾಗ ಸ್ವಾಮಿಗೆ, ಹಿಂದಿನ ಭಾಗ ನಮ್ಮ ದಾರಿಯ ಬುತ್ತಿಗೆ. ಅಂದರೆ ನಾವು ತಲೆಯ ಮೇಲೆ ಹೊತ್ತು 18 ಮೆಟ್ಟಿಲು ಹತ್ತುವ ಗಂಟಿನಲ್ಲಿ ಅರ್ಧ ಅಡುಗೆಮನೆಯೇ ಇದೆ. ಅಡುಗೆಮನೆಯನ್ನು ಸಣ್ಣದೆಂದು ಎಣಿಸಬೇಡಿ.

3. ಮುಂಜಾನೆಯ ಕೆಲಸ

ವೃಶ್ಚಿಕ ಮಾಸದ ಮೊದಲ ದಿನ ಸಾಮಾನ್ಯವಾಗಿ ನವೆಂಬರ್ 16 ಅಥವಾ 17ಕ್ಕೆ ಬರುತ್ತದೆ. ಅಲ್ಲಿಂದ ಮಂಡಲ ಪೂಜೆಯವರೆಗೆ 41 ದಿನ. ಆಫೀಸು, ಕಾಲೇಜು ಇರುವವರಿಗೆ ನಾನು ಹೇಳುವ ಮುಂಜಾನೆಯ ಕ್ರಮ ಇದು. ನಿಮ್ಮ ಕೆಲಸದ ಹೊತ್ತಿಗೆ ತಕ್ಕಂತೆ ಅರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಳ್ಳಿ.

4:45ಕ್ಕೆ ಎದ್ದು ಚಾಪೆ ಸುತ್ತಿಡುವುದು. ಮಲಗಿದ ಜಾಗ ಮತ್ತು ಪೂಜೆಯ ಮೂಲೆ ಗುಡಿಸುವುದು. 5ಕ್ಕೆ ಸ್ನಾನ. ಬಿಟ್ಟ ಬಟ್ಟೆಯನ್ನು ಅಲ್ಲೇ ಒಗೆದು ಹಿಂಡಿ ಹಾಕುವುದು. 5:30ಕ್ಕೆ ದೀಪ, ಶರಣು. 6ಕ್ಕೆ ಅಡುಗೆ. ಮಧ್ಯಾಹ್ನದ ಡಬ್ಬಿಯೂ ಇದರಲ್ಲೇ ಆಗಬೇಕು. ತಿಂಡಿ ತಿಂದು, ತಟ್ಟೆ ತೊಳೆದು, ಒಲೆ ಒರೆಸಿ, 7:15ಕ್ಕೆ ಮನೆ ಬಿಡಬಹುದು.

ಇದರಲ್ಲಿ ಎರಡು ಮೂರು ಎಚ್ಚರಿಕೆ. ಮುಂಬೈಯ ಎಷ್ಟೋ ಕಟ್ಟಡಗಳಲ್ಲಿ ನೀರು ಬರುವುದಕ್ಕೆ ಹೊತ್ತು ಇರುತ್ತದೆ. ವ್ರತದಲ್ಲಿ ದಿನಕ್ಕೆ ಎರಡು ಸ್ನಾನ. ಒಂದು ಸ್ನಾನಕ್ಕೆ ಒಂದು ಬಕೆಟ್, ಅಷ್ಟೇ. ನಿಮ್ಮ ಎರಡನೇ ಸ್ನಾನದಿಂದ ಮನೆಯವರ ಒಂದೇ ಸ್ನಾನಕ್ಕೆ ನೀರಿಲ್ಲ ಎನ್ನುವಂತಾಗಬಾರದು. ದೆಹಲಿಯ ಡಿಸೆಂಬರಿನಲ್ಲಿ ತಣ್ಣೀರ ಸ್ನಾನ ಎಲ್ಲರ ಮೈಗೂ ಒಗ್ಗುವುದಿಲ್ಲ. ಕೆಮ್ಮು, ಉಬ್ಬಸ ಇರುವವರು ಗುರುಸ್ವಾಮಿಯನ್ನು ಕೇಳಿ ಉಗುರುಬೆಚ್ಚಗಿನ ನೀರು ಬಳಸಿ. ಮಾಲೆ ಹಾಕಿದವನು ಮಲಗಿಬಿಟ್ಟರೆ ಆರೈಕೆಯ ಕೆಲಸ ಮತ್ತೆ ಮನೆಯವರಿಗೇ.

ಫ್ಲಾಟಿನಲ್ಲಿ ಮುಂಜಾನೆಯ ಶರಣು ಮೆಲುದನಿಯಲ್ಲಿ ಸಾಕು. ಗೋಡೆಯಾಚೆ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿರುತ್ತಾರೆ, ತೊಟ್ಟಿಲ ಮಗು ಇರುತ್ತದೆ. ಕೂಗಿ ಕರೆಯುವ ಶರಣಿಗೆ ಭಜನೆಯ ಸಂಜೆ ಇದೆ, ಬೆಟ್ಟದ ದಾರಿ ಇದೆ.

ದೀಪ ಉರಿಯುತ್ತಿರುವಾಗ ಬಾಗಿಲು ಹಾಕಿಕೊಂಡು ಆಫೀಸಿಗೆ ಹೋಗಬೇಡಿ. ಬಾಡಿಗೆ ರೂಮುಗಳಲ್ಲಿ ಪರದೆ, ಹಾಸಿಗೆ, ಗ್ಯಾಸ್ ಎಲ್ಲ ಹತ್ತಿರ ಹತ್ತಿರ ಇರುತ್ತವೆ. ನೀವು ಮನೆಯಲ್ಲಿರುವಷ್ಟು ಹೊತ್ತಿಗೆ ಸಾಲುವಷ್ಟೇ ಎಳ್ಳೆಣ್ಣೆ ಹಾಕಿ. ಹಿತ್ತಾಳೆ ದೀಪವನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುವುದೂ ನಿಮ್ಮ ಕೆಲಸ.

4. ಒಂದು ಕುಕ್ಕರಿನ ಅಡುಗೆ

ಅಡುಗೆಯೇ ಬಾರದು ಎನ್ನುವ ಹುಡುಗರಿಗೆ ಹೆದರಿಕೆ ಬೇಡ. ವ್ರತದ ಅಡುಗೆಯಷ್ಟು ಸುಲಭದ ಅಡುಗೆ ಇನ್ನೊಂದಿಲ್ಲ.

ಪಾತ್ರೆ: 3 ಲೀಟರಿನ ಒಂದು ಕುಕ್ಕರ್, ಅದರೊಳಗೆ ಕೂರುವ ಒಂದು ಬಟ್ಟಲು, ಒಂದು ಬಾಣಲೆ, ಒಂದು ಸೌಟು, ಒಂದು ತಟ್ಟೆ, ಒಂದು ಲೋಟ, ಒಗ್ಗರಣೆಗೆ ಒಂದು ಸಣ್ಣ ಸೌಟು. ಇವಿಷ್ಟನ್ನೇ ಬೇರೆ ಇಟ್ಟುಕೊಳ್ಳಿ. ಹೆಚ್ಚು ಪಾತ್ರೆ ಇದ್ದರೆ ಹೆಚ್ಚು ತೊಳೆಯಬೇಕು.

ಅಳತೆ: ಒಬ್ಬರಿಗೆ ಒಂದು ಹೊತ್ತಿಗೆ 100 ಗ್ರಾಂ ಅಕ್ಕಿ, 40 ಗ್ರಾಂ ತೊಗರಿಬೇಳೆ ಸಾಕು. ಬೇಳೆಯನ್ನು 20 ನಿಮಿಷ ನೆನೆಸಿ, ಚಿಟಿಕೆ ಅರಿಶಿನ ಹಾಕಿ ಕುಕ್ಕರಿನ ತಳದಲ್ಲಿಡಿ. ಅದರ ಮೇಲೆ ಬಟ್ಟಲಿನಲ್ಲಿ ಅಕ್ಕಿ. ನೀವು ಸ್ನಾನಕ್ಕೆ ಹೋಗುವ ಮುಂಚೆ ನೆನೆಹಾಕಿದರೆ ಪೂಜೆ ಮುಗಿಯುವಷ್ಟರಲ್ಲಿ ಸಿದ್ಧ. ಮೂರು ಸೀಟಿ ಕೂಗಿಸಿ ಒಲೆ ಆರಿಸಿ.

ಬೇಳೆ ಸಾರು: ಬೆಂದ ಬೇಳೆಗೆ ಹೆಚ್ಚಿದ ಒಂದು ಟೊಮೆಟೊ, ಗೋಲಿ ಗಾತ್ರದ ಹುಣಸೆಹಣ್ಣಿನ ರಸ, ಒಂದು ಚಮಚ ಸಾರಿನ ಪುಡಿ, ಉಪ್ಪು, ಚೂರು ಬೆಲ್ಲ. ಚೆನ್ನಾಗಿ ಕುದಿಸಿ. ತುಪ್ಪದಲ್ಲಿ ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆ. ಬೆಳ್ಳುಳ್ಳಿ ಇಲ್ಲವೆಂದು ರುಚಿ ಕಡಿಮೆ ಆಗುವುದಿಲ್ಲ. ಇಂಗು, ಕರಿಬೇವು ಎರಡೂ ಚೆನ್ನಾಗಿದ್ದರೆ ಸಾಕು.

ಸಾರಿನ ಪುಡಿ: ಅಂಗಡಿಯ ಪುಡಿಗಳಲ್ಲಿ ಕೆಲವಕ್ಕೆ ಬೆಳ್ಳುಳ್ಳಿ ಸೇರಿಸಿರುತ್ತಾರೆ. ಪೊಟ್ಟಣದ ಮೇಲಿನ ಹಸಿರು ಗುರುತು ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂದು ಹೇಳುವುದಿಲ್ಲ. ಹಿಂಬದಿಯ ಪಟ್ಟಿ ಓದಿ. ಮನೆಯಲ್ಲೇ ಮಾಡುವುದಾದರೆ ಒಂದು ಬಟ್ಟಲು ಧನಿಯಾ, 15 ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಅರ್ಧ ಚಮಚ ಮೆಂತ್ಯ, ಒಂದು ಹಿಡಿ ಕರಿಬೇವು. ಒಂದೊಂದನ್ನೇ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಿ. ಒಬ್ಬರಿಗೆ ತಿಂಗಳ ಹತ್ತಿರ ಬರುತ್ತದೆ. ಮಾಲೆ ಹಾಕುವ ಹಿಂದಿನ ಭಾನುವಾರ ಈ ಕೆಲಸ ಮುಗಿಸಿಕೊಳ್ಳಿ.

ಗೊಜ್ಜವಲಕ್ಕಿ: ಬೆಳಿಗ್ಗೆ ಬೇಗ ಲೋಕಲ್ ಟ್ರೇನ್ ಹಿಡಿಯುವವರಿಗೆ ಇದೇ ತಿಂಡಿ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹಾಗೆ ತರಿಯಾಗಿ ಮಾಡಿ. ಹುಣಸೆ ರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಕಲಸಿದ ನೀರಿನಲ್ಲಿ 20 ನಿಮಿಷ ನೆನೆಸಿ. ಕಡಲೆಕಾಯಿ ಬೀಜದ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿ. ಬೇಯಿಸುವುದೇನೂ ಇಲ್ಲ.

ಡಬ್ಬಿಗೆ ಮೊಸರನ್ನ: ಬೆಳಿಗ್ಗೆ 6ಕ್ಕೆ ಕಲಸಿದ್ದು ಮಧ್ಯಾಹ್ನ 1ಕ್ಕೆ ಹುಳಿ ಬರುತ್ತದೆ ಎನ್ನುವವರು, ಅನ್ನವನ್ನು ಮೆತ್ತಗೆ ಮಾಡಿ ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ, ಒಂದೇ ಚಮಚ ಮೊಸರು ಸೇರಿಸಿ. ಊಟದ ಹೊತ್ತಿಗೆ ಅದೇ ಹದವಾದ ಮೊಸರನ್ನ ಆಗಿರುತ್ತದೆ. ಶುಂಠಿ, ಕರಿಬೇವು, ದಾಳಿಂಬೆ ಕಾಳು ನಿಮ್ಮ ಇಷ್ಟ.

ರಾತ್ರಿಗೆ ಹಣ್ಣು, ಹಾಲು, ಇಲ್ಲವೇ ರಾಗಿ ಗಂಜಿ, ಎರಡು ಚಪಾತಿ. ಹೆಸರುಕಾಳು ನೆನೆಸಿ ಮೊಳಕೆ ಕಟ್ಟಿಟ್ಟರೆ ಎರಡು ದಿನದ ಉಸಲಿಗೆ ಆಯಿತು. ಸಕ್ಕರೆ ಕಾಯಿಲೆ, ಹೊಟ್ಟೆಹುಣ್ಣು ಇರುವವರು ಊಟ ಬಿಡುವ ವ್ರತ ಮಾಡಬೇಡಿ. ವೈದ್ಯರು ಹೇಳಿದ ಹೊತ್ತಿಗೆ ಊಟ, ಮಾತ್ರೆ ಎರಡೂ ಆಗಲಿ.

ಹೊರಗೆ ತಿನ್ನಲೇಬೇಕಾದ ದಿನ ಬಂದೇ ಬರುತ್ತದೆ. ಮುಂಬೈ, ಪುಣೆಯ ಹೋಟೆಲುಗಳಲ್ಲಿ "ಜೈನ್" ಎಂದು ಹೇಳಿದರೆ ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಮಾಡಿಕೊಡುವ ವಾಡಿಕೆ ಇದೆ. ಹೈದರಾಬಾದಿನಲ್ಲಿ ದೀಕ್ಷೆಯ ಕಾಲದಲ್ಲಿ ಸ್ವಾಮಿಗಳಿಗೆ ಭಿಕ್ಷೆ ಕೊಡುವ ಪದ್ಧತಿ ವ್ಯಾಪಕವಾಗಿದೆ. ಭಿಕ್ಷೆಗೆ ಹೋದರೆ ಎಲೆ ಎತ್ತಲು, ನೆಲ ಒರೆಸಲು ಕೈ ಹಾಕದೆ ಬರಬೇಡಿ. ಎಲೆಯಲ್ಲಿ ಅನ್ನ ಬಿಡಬೇಡಿ.

5. ಒಂದೇ ಅಡುಗೆಮನೆ, ಹಲವರ ಊಟ

ಪೀಜಿಯಲ್ಲಿ, ಹಂಚಿಕೊಂಡ ಫ್ಲಾಟಿನಲ್ಲಿ ಇರುವವರ ದೊಡ್ಡ ಚಿಂತೆ ಇದು. ರೂಮ್‌ಮೇಟ್ ಮಾಂಸ ತಿನ್ನುತ್ತಾನೆ, ಏನು ಮಾಡಲಿ?

ವ್ರತ ಹಿಡಿದದ್ದು ನೀವು, ಅವನಲ್ಲ. ಮಾಲೆ ಹಾಕುವ ಒಂದು ವಾರ ಮುಂಚೆ ಕೂತು ಮಾತಾಡಿ. "41 ದಿನ ನನ್ನ ಪಾತ್ರೆ ಬೇರೆ ಇಟ್ಟುಕೊಳ್ಳುತ್ತೇನೆ, ಫ್ರಿಜ್‌ನಲ್ಲಿ ಮೇಲಿನ ಅರೆ ನನಗೆ ಬಿಡು, ಬೆಳಿಗ್ಗೆ 6ರಿಂದ 7 ಒಲೆ ನನಗೆ ಬೇಕು" ಎಂದು ಕೇಳಿ. ಬದಲಿಗೆ ನೀವೇನು ಕೊಡುತ್ತೀರಿ ಅದನ್ನೂ ಹೇಳಿ: ಆ ತಿಂಗಳು ಅಡುಗೆಮನೆ ಒರೆಸುವ ಪಾಳಿ ಪೂರ್ತಿ ನನ್ನದು ಎನ್ನಿ. ನಿಮಗೆ ಬೇಕಾದ ಶುಚಿಯನ್ನು ನೀವೇ ದುಡಿದು ಮಾಡಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಮೂಗು ಮುಚ್ಚಿಕೊಂಡು ಓಡಾಡಿ, ಅವನ ಊಟಕ್ಕೆ ಮುಖ ಸಿಂಡರಿಸಿದರೆ ಮಾಲೆಯ ಮೇಲಿನ ಗೌರವವೇ ಹೋಗುತ್ತದೆ.

ಪಾತ್ರೆ ತೊಳೆಯಲು ಬರುವ ಬಾಯಿಯವರ ವಿಷಯದಲ್ಲೂ ಇಷ್ಟೇ. "ನನ್ನ ಪಾತ್ರೆ ನಾನೇ ತೊಳೆಯುತ್ತೇನೆ" ಎನ್ನಿ, ಒಳ್ಳೆಯದು. "ನೀವು ಮುಟ್ಟಬೇಡಿ" ಎನ್ನಬೇಡಿ. ಎರಡೂ ಮಾತಿನಲ್ಲಿ ಕೆಲಸ ಒಂದೇ, ಕೇಳುವವರ ಮನಸ್ಸಿಗೆ ಆಗುವುದು ಬೇರೆ. ಎರುಮೇಲಿಯಲ್ಲಿ ವಾವರ ಮಸೀದಿಗೆ ನಮಸ್ಕರಿಸಿ ಬೆಟ್ಟ ಹತ್ತುವ ಪದ್ಧತಿ ನಮ್ಮದು. ಸನ್ನಿಧಾನದಲ್ಲಿ ಎದುರಿಗೆ ಕಾಣುವ ವಾಕ್ಯ "ತತ್ತ್ವಮಸಿ". ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಹೇಳಿದ ಮಾತು: ಅದು ನೀನೇ. ಮಾಲೆ ಹಾಕಿದ ದಿನದಿಂದ ಎಲ್ಲರನ್ನೂ ಸ್ವಾಮಿ ಎಂದು ಕರೆಯುವುದು ಇದರ ಅಭ್ಯಾಸಕ್ಕೇ. ಆ ಕರೆ ಕಪ್ಪು ಪಂಚೆಯವರಿಗೆ ಮಾತ್ರ ಅಲ್ಲ. ಹಾಲು ತಂದು ಹಾಕುವವರೂ ಸ್ವಾಮಿ, ಕಸ ಒಯ್ಯುವವರೂ ಸ್ವಾಮಿ, ಒಲೆಯ ಮುಂದೆ ನಿಂತ ಅಮ್ಮನೂ ಸ್ವಾಮಿಯೇ.

ಇನ್ನೊಂದು ವಿಷಯ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹೆಣ್ಣುಮಕ್ಕಳ ಮುಟ್ಟಿನ ದಿನಗಳ ಆಚರಣೆ ಮನೆಯಿಂದ ಮನೆಗೆ ಬೇರೆ ಇರುತ್ತದೆ. ನಿಮ್ಮ ಮನೆಯ ಪದ್ಧತಿ ಏನೇ ಇರಲಿ, ಅದಕ್ಕಾಗಿ ತಾಯಿ, ಹೆಂಡತಿ, ತಂಗಿ ಮನೆ ಬಿಟ್ಟು ಬೇರೆ ಕಡೆ ಹೋಗಿ ಮಲಗುವಂತೆ ಮಾಡಬೇಡಿ. ಅವರು ಅಡುಗೆಮನೆಗೆ ಬರದ ಪದ್ಧತಿ ಇದ್ದರೆ ಆ ದಿನಗಳ ಅಡುಗೆ ನಿಮ್ಮದು. ನಿಮಗೆ ಮಾತ್ರವಲ್ಲ, ಇಡೀ ಮನೆಗೆ. ಅವರಿಗೆ ಬಿಸಿ ಊಟವನ್ನು ಮೊದಲು ಬಡಿಸಿ ಆಮೇಲೆ ನೀವು ಕೂತುಕೊಳ್ಳಿ. ಆ ನಾಲ್ಕು ದಿನ ಮನೆಯವರು ಹೋಟೆಲಿನಿಂದ ತರಿಸಿ ತಿಂದರು, ಸ್ವಾಮಿ ಮಾತ್ರ ಜಪ ಮಾಡುತ್ತಾ ಕೂತಿದ್ದರು ಎನ್ನುವಂತಾಗಬಾರದು.

6. ಬಟ್ಟೆ

ಕಪ್ಪು ಪಂಚೆ ಮೂರು ಜೊತೆ ಇರಲಿ. ಚೆನ್ನೈಯಲ್ಲಿ ನವೆಂಬರ್ ಎಂದರೆ ಹಿಂಗಾರು ಮಳೆ. ಎರಡು ದಿನವಾದರೂ ಬಟ್ಟೆ ಒಣಗುವುದಿಲ್ಲ. ದೆಹಲಿಯಲ್ಲಿ ಮಂಜು ಕವಿದ ದಿನಗಳಲ್ಲೂ ಅದೇ ಪಾಡು. ಹೊಸ ಕಪ್ಪು ಬಟ್ಟೆ ಬಣ್ಣ ಬಿಡುತ್ತದೆ. ಮೊದಲ ಕೆಲವು ಸಲ ಬೇರೆ ಬಕೆಟ್ಟಿನಲ್ಲಿ ತಣ್ಣೀರಿನಲ್ಲಿ ಒಗೆಯಿರಿ, ಒಳಮಗ್ಗುಲು ಮಾಡಿ ನೆರಳಿನಲ್ಲಿ ಒಣಗಿಸಿ. ಮನೆಯವರ ಬಿಳಿ ಬಟ್ಟೆಯ ಜೊತೆ ವಾಷಿಂಗ್ ಮಷಿನ್ನಿಗೆ ಹಾಕಬೇಡಿ. ಒಗೆಯುವುದೂ, ಮಳೆ ಬಂದಾಗ ಒಳಗೆ ತರುವುದೂ, ಮಡಿಚಿಡುವುದೂ ನಿಮ್ಮದೇ. ಬಟ್ಟೆ ಒಗೆಯುವುದೆಂದರೆ ಹಗ್ಗಕ್ಕೆ ಹಾಕುವವರೆಗೆ ಮಾತ್ರ ಎಂದು ತಿಳಿದ ಹುಡುಗರೇ ಹೆಚ್ಚು.

7. ಸಂತೋಷವನ್ನೂ ಬಿಡಬೇಕೆ?

ಇಷ್ಟೆಲ್ಲ ಓದಿ ವ್ರತವೆಂದರೆ ಬರೀ ದುಡಿಮೆ ಎಂದುಕೊಳ್ಳಬೇಡಿ. ನನ್ನ ಅನುಭವದಲ್ಲಿ ಮನೆಯ ಸಣ್ಣ ಸುಖಗಳು ಕಣ್ಣಿಗೆ ಬೀಳುವುದೇ ಈ ದಿನಗಳಲ್ಲಿ.

ಕಾಫಿಯ ಪ್ರಶ್ನೆಗೆ ಉತ್ತರ: ಕೆಲವು ಗುರುಸ್ವಾಮಿಗಳು ಬಿಡಿಸುತ್ತಾರೆ, ಕೆಲವರು ಬಿಡಿಸುವುದಿಲ್ಲ. ನಿಮಗೆ ಮಾಲೆ ಹಾಕಿದವರು ಹೇಳಿದಂತೆ ನಡೆಯಿರಿ. ನಾನು ದಿನಕ್ಕೆ ಒಂದು ಲೋಟ ಬಿಡುತ್ತೇನೆ, ಅದೂ ಪೂಜೆ ಆದ ಮೇಲೆ. ಎದ್ದ ಕೂಡಲೇ ಮೊಬೈಲ್ ನೋಡುತ್ತಾ ಕುಡಿಯುತ್ತಿದ್ದ ಕಾಫಿಯ ರುಚಿ ನೆನಪಿಲ್ಲ. ಎರಡು ಗಂಟೆ ಕಾದು, ಮೈ ತೊಳೆದು, ದೀಪ ಹಚ್ಚಿ, ಕಿಟಕಿಯ ಬಳಿ ನಿಂತು ಕುಡಿಯುವ ಫಿಲ್ಟರ್ ಕಾಫಿಯ ಪರಿಮಳ ಮಧ್ಯಾಹ್ನದವರೆಗೆ ಇರುತ್ತದೆ.

ಊರೂರಿನ ಕಾಲದ ಹಣ್ಣು ತರಕಾರಿಗಳನ್ನು ನೋಡಿ ತನ್ನಿ. ಮುಂಬೈಯಲ್ಲಿ ವೇಲಚಿ ಎಂದು ಕೇಳಿದರೆ ನಮ್ಮ ಏಲಕ್ಕಿ ಬಾಳೆ ಸಿಗುತ್ತದೆ. ನೈವೇದ್ಯಕ್ಕೂ ಆಯಿತು, ರಾತ್ರಿಯ ಹಸಿವಿಗೂ ಆಯಿತು. ನಾಗಪುರದ ಕಿತ್ತಳೆ ಆಗ ತಾನೇ ಬರುತ್ತಿರುತ್ತದೆ. ದೆಹಲಿಯ ಚಳಿಗಾಲದ ಕೆಂಪು ಗಜ್ಜರಿಯನ್ನು ತುರಿದು ನೆನೆಸಿದ ಹೆಸರುಬೇಳೆ, ನಿಂಬೆರಸ, ಕಾಯಿತುರಿ ಹಾಕಿ ಕೋಸಂಬರಿ ಮಾಡಿ ನೋಡಿ. ಮುಂಬೈಯ ಮಾಟುಂಗಾ ಮಾರುಕಟ್ಟೆಯಲ್ಲಿ ಬಾಳೆಲೆ, ಕರಿಬೇವು, ತೆಂಗಿನಕಾಯಿ, ಕಾಫಿ ಪುಡಿ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಶನಿವಾರ ಒಂದು ದಿನ ಬಾಳೆಲೆ ಹಾಸಿ, ಬಿಸಿ ಅನ್ನ ಸಾರಿಗೆ ಒಂದು ಚಮಚ ತುಪ್ಪ ಬಿಟ್ಟು, ಮನೆಯವರನ್ನೆಲ್ಲ ಕೂರಿಸಿ ನೀವು ಬಡಿಸಿ. ನೀವು ಮಾಡಿದ ಸಾರನ್ನು ಅಮ್ಮ ಎರಡನೇ ಸಲ ಹಾಕಿಸಿಕೊಂಡರೆ ಅದಕ್ಕಿಂತ ದೊಡ್ಡ ಸಿಹಿ ಇಲ್ಲ.

ಚಾಪೆಯ ಮೇಲೆ ಮಲಗಿ ನಾಲ್ಕು ದಿನ ಮೈಕೈ ನೋಯುತ್ತದೆ. ಐದನೆಯ ದಿನ ತಲೆ ಇಟ್ಟದ್ದೇ ನಿದ್ದೆ. ದಿನವೆಲ್ಲ ಕೆಲಸ ಮಾಡಿದ ಮೈಗೆ ಹಾಸಿಗೆಯ ಹಂಗು ಬೇಕಿಲ್ಲ.

8. ಮನೆಯಲ್ಲೇ ತುಪ್ಪ

ಇರುಮುಡಿಯಲ್ಲಿ ಮುಖ್ಯವಾದದ್ದು ತುಪ್ಪ ತುಂಬಿದ ತೆಂಗಿನಕಾಯಿ. ಕಾಯಿ ನಮ್ಮ ದೇಹ, ಒಳಗಿನ ತುಪ್ಪ ಜೀವ ಎಂದು ಹಿರಿಯರು ಅರ್ಥ ಹೇಳುತ್ತಾರೆ. ಆ ತುಪ್ಪವನ್ನು ಕೊನೆಯ ದಿನ ಅಂಗಡಿಯಿಂದ ತರುವ ಬದಲು 41 ದಿನವೂ ಸ್ವಲ್ಪ ಸ್ವಲ್ಪವಾಗಿ ಮನೆಯಲ್ಲೇ ಮಾಡಿದರೆ ಹೇಗೆ?

ದಿನಕ್ಕೆ ಅರ್ಧ ಲೀಟರ್ ಹಸುವಿನ ಹಾಲು ತರಿಸುವ ಮನೆಯಾದರೂ ಸಾಕು, ಚೆನ್ನಾಗಿ ಕೆನೆ ಕಟ್ಟುವ ಹಾಲಾಗಿರಬೇಕು. ಕಾಯಿಸಿ ಆರಿಸಿ ಫ್ರಿಜ್‌ನಲ್ಲಿಟ್ಟರೆ ಮರುದಿನ ಮೇಲೆ ಕೆನೆ ನಿಲ್ಲುತ್ತದೆ. ಅದನ್ನು ತೆಗೆದು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಕೂಡಿಸುತ್ತಾ ಬನ್ನಿ. ಭಾನುವಾರ ಒಂದು ಚಮಚ ಮೊಸರು ಬೆರೆಸಿ ಹೆಪ್ಪಾಗಲು ಬಿಡಿ, ಸೋಮವಾರ ಮುಂಜಾನೆ ತಣ್ಣೀರು ಹಾಕಿ ಕಡೆಯಿರಿ. ಬೆಣ್ಣೆ ತೇಲುತ್ತದೆ. ಎರಡು ನೀರಿನಲ್ಲಿ ತೊಳೆದು ಸಣ್ಣ ಉರಿಯಲ್ಲಿ ಕಾಯಿಸಿ. ಚಟಪಟ ಸದ್ದು ನಿಂತು, ತಳದ ಗಸಿ ಹೊಂಬಣ್ಣಕ್ಕೆ ತಿರುಗಿದಾಗ ಆರಿಸಿ ಸೋಸಿ. ಉಳಿದ ಮಜ್ಜಿಗೆ ಅಂದಿನ ಊಟಕ್ಕೆ. ಹೀಗೆ ಐದಾರು ವಾರ ಮಾಡಿದರೆ ಒಂದು ಕಾಯಿಗೆ ಬೇಕಾದಷ್ಟು ತುಪ್ಪ ಆಗುತ್ತದೆ, ಉಳಿದದ್ದು ದೀಪಕ್ಕೆ. ಒಂದು ವಾರ ಕಡಿಮೆ ಬಂದರೆ ಬೇಸರ ಬೇಡ, ಸಾಲದಿದ್ದರೆ ಕೊನೆಯಲ್ಲಿ ಶುದ್ಧ ತುಪ್ಪ ತಂದು ಸೇರಿಸಿ.

ಹಿಂದಿನ ಮುಡಿಯ ಅಕ್ಕಿ, ಅವಲಕ್ಕಿ, ಬೆಲ್ಲ ಕಟ್ಟಲು ಹಳೆಯ ಹತ್ತಿ ಬಟ್ಟೆಯಲ್ಲಿ ಐದಾರು ಸಣ್ಣ ಚೀಲ ಹೊಲಿದುಕೊಳ್ಳಿ. ಶಬರಿಮಲೆಯಲ್ಲಿ ಪ್ಲಾಸ್ಟಿಕ್ ನಿಷೇಧ ಇದೆ, ಇರುಮುಡಿಯಲ್ಲಿ ಒಂದು ಪ್ಲಾಸ್ಟಿಕ್ ಪೊಟ್ಟಣವೂ ಬೇಡ. ಸೂಜಿಗೆ ದಾರ ಪೋಣಿಸಲು ಕಲಿಯುವುದಕ್ಕೂ ಇದೇ ಒಳ್ಳೆಯ ಕಾಲ.

9. ಈ ವಾರದ ಅಭ್ಯಾಸ

ಮಾಲೆ ಹಾಕಲು ಇನ್ನೂ ದಿನ ಇರುವವರು ಈ ವಾರವೇ ಇವನ್ನು ಮಾಡಿ:

- ಒಂದು ಹಾಳೆಯಲ್ಲಿ, ವ್ರತದಿಂದ ಮನೆಯಲ್ಲಿ ಹೆಚ್ಚಾಗುವ ಕೆಲಸಗಳ ಪಟ್ಟಿ ಬರೆಯಿರಿ. ಪ್ರತಿ ಕೆಲಸದ ಮುಂದೆ ಯಾರು ಮಾಡುತ್ತಾರೆ ಎಂದು ಬರೆಯಿರಿ. ನಿಮ್ಮದಲ್ಲದ ಹೆಸರು ಎಲ್ಲಿದೆಯೋ ಅಲ್ಲಿ ನಿಮ್ಮ ಹೆಸರು ಬರೆಯಲು ಆಗುತ್ತದಾ ನೋಡಿ.
- ಮೂರು ದಿನ ಬೇಳೆ ಸಾರು, ಅನ್ನ ನೀವೇ ಮಾಡಿ ನೋಡಿ. ವ್ರತದ ಮೊದಲ ದಿನವೇ ಒಲೆ ಹಚ್ಚಲು ಕಲಿಯುವುದು ಬೇಡ.
- ಊಟವಾದ ಮೇಲೆ ತಟ್ಟೆಯನ್ನು ಸಿಂಕಿನಲ್ಲಿಟ್ಟು ಬರಬೇಡಿ. ತೊಳೆದು, ಒರೆಸಿ, ಜಾಗದಲ್ಲಿಡಿ.
- ಮನೆಯವರನ್ನು ಒಂದು ಪ್ರಶ್ನೆ ಕೇಳಿ: "ನಾನು ಮಾಲೆ ಹಾಕಿದರೆ ನಿಮಗೆ ಯಾವುದು ಕಷ್ಟ ಆಗುತ್ತದೆ?" ಉತ್ತರ ಬರುವಾಗ ನಡುವೆ ಮಾತಾಡಬೇಡಿ.

ಪುಣೆಯ ಆ ಹುಡುಗ ತಾಯಿಯ ಮಾತು ಕೇಳಿದ ಮರುದಿನದಿಂದ ಅಡುಗೆಮನೆಗೆ ಇಳಿದ. ಮೊದಲ ದಿನದ ಸಾರು ಉಪ್ಪುಪ್ಪು, ಎರಡನೆಯ ದಿನ ಬೇಳೆ ಬೆಂದಿರಲಿಲ್ಲ ಎಂದು ತಾಯಿಯೇ ಫೋನಿನಲ್ಲಿ ನಗುತ್ತಾ ವರದಿ ಒಪ್ಪಿಸಿದರು. ಹೊರಡುವ ದಿನ ಅವನ ಇರುಮುಡಿಗೆ ಅಕ್ಕಿ ಹಾಕಲು ಬಂದರು. ಮನೆಯ ದೀಪವನ್ನು ಮಗ ಮರಳುವ ತನಕ ತಾವು ನೋಡಿಕೊಳ್ಳುವುದಾಗಿ ತಾವಾಗಿಯೇ ಹೇಳಿದರು. ಅದು ಅವರ ಪಾಲಿನ ಸೇವೆ, ಸಂತೋಷದಿಂದ ಆರಿಸಿಕೊಂಡದ್ದು. ಮನೆಯವರಿಗೆ ಸೇವೆಯ ಪಾಲು ಇರಲಿ. ಹೊರೆಯ ಪಾಲು ಮಾತ್ರ ಬೇಡ.

ಬೆಟ್ಟದಿಂದ ಇಳಿದು ಮಾಲೆ ತೆಗೆದು, ಅರವಣ ಪಾಯಸದ ಡಬ್ಬಿ ತೆರೆದು ಎಲ್ಲರಿಗೂ ಹಂಚಿ. ಹಂಚಿದ ಚಮಚ, ಬಟ್ಟಲುಗಳನ್ನು ಕೂಡ ನೀವೇ ತೊಳೆದಿಡಿ. ಆಗ ಕೊರಳಲ್ಲಿ ಮಾಲೆ ಇರುವುದಿಲ್ಲ, ಕೈಗೆ ಅಭ್ಯಾಸ ಆಗಿರುತ್ತದೆ.

ಸಂದೇಹಗಳಿದ್ದರೆ ಕೇಳಿ. ನಿಮ್ಮ ಮನೆಯ ವ್ರತದ ಅಡುಗೆ ಯಾವುದಾದರೂ ಇದ್ದರೆ ಉಳಿದ ಸ್ವಾಮಿಗಳಿಗೂ ತಿಳಿಸಿ. ಮುಂದಿನ ಪಾಠದಲ್ಲಿ ಇರುಮುಡಿ ಕಟ್ಟುವ ಕ್ರಮ ನೋಡೋಣ.

ಸ್ವಾಮಿಯೇ ಶರಣಂ ಅಯ್ಯಪ್ಪ.